ಟೊಮೆಟೊ ಬಾಕ್ಸ್ ಲೆಕ್ಕದಿಂದ ವೆಬ್ ಡೆವಲಪರ್ ಕೆಲಸಕ್ಕೆ

ಕೋಲಾರ, ಬಂಗಾರಪೇಟೆ ಕಡೆ ಬಿಕಾಂ, ಬಿಎಸ್ಸಿ ಮುಗಿಸಿ ಮನೆಯಲ್ಲೇ ಕೋಡಿಂಗ್ ಕಲಿಯುವವರು ಜಾಸ್ತಿಯಾಗಿದ್ದಾರೆ. ಆದರೆ ರೆಸ್ಯೂಮೆ ನೋಡಿದರೆ ಎಲ್ಲರದ್ದೂ ಒಂದೇ: ಟು-ಡೂ ಲಿಸ್ಟ್, ಹವಾಮಾನದ ಪುಟ, ಯಾವುದೋ ಸಿನಿಮಾ ಆ್ಯಪ್‌ನ ನಕಲು. ಎಲ್ಲವೂ ವಿಡಿಯೊ ನೋಡಿ ಬರೆದದ್ದು. ಒಂದು ಬಟನ್ ಜಾಸ್ತಿ ಸೇರಿಸಿ ಎಂದರೆ ಕೈ ಓಡುವುದಿಲ್ಲ.

ಹಂತ 1: ಬುನಾದಿ

ಪುಟದ ಚೌಕಟ್ಟಿಗೆ ಎಚ್‌ಟಿಎಂಎಲ್, ಅಂದಕ್ಕೆ ಸಿಎಸ್‌ಎಸ್, ಆಮೇಲೆ ಪುಟ ಲೆಕ್ಕ ಮಾಡುವಂತೆ ಮಾಡಲು ಜಾವಾಸ್ಕ್ರಿಪ್ಟ್. ಫ್ರೀಕೋಡ್‌ಕ್ಯಾಂಪ್, ದಿ ಓಡಿನ್ ಪ್ರಾಜೆಕ್ಟ್ ಎಂಬ ಕಲಿಕೆಯ ವೆಬ್‌ಸೈಟ್‌ಗಳು ಎರಡೂ ಉಚಿತ. ಒಂದನ್ನು ಹಿಡಿದು ಮುಗಿಸಿ. ಜಾವಾಸ್ಕ್ರಿಪ್ಟ್ ಮೇಲೆ ಕಟ್ಟಿದ ರಿಯಾಕ್ಟ್ ಎಂಬ ಸಲಕರಣೆಗೆ ಅವಸರ ಬೇಡ. 8 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪ್ ಸಾಕು. ‘ಕೆಲಸ ಗ್ಯಾರಂಟಿ’ ಎಂದು ಮೊದಲೇ ದುಡ್ಡು ಕೇಳುವ ಕೋರ್ಸ್‌ಗಳ ಕಡೆ ತಲೆ ಹಾಕಲೇಬೇಡಿ.

ಹಂತ 2: ನಿಮ್ಮದೇ ಒಂದು ಪ್ರಾಜೆಕ್ಟ್

ಎಡವುವುದು ಇಲ್ಲೇ. ಐಡಿಯಾ ಹುಡುಕಿಕೊಂಡು ಯೂಟ್ಯೂಬ್‌ಗೆ ಹೋಗಬೇಡಿ, ಮನೆಯಲ್ಲೇ ಕೇಳಿ. ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕುವ ಮಾವನೋ ಚಿಕ್ಕಪ್ಪನೋ ಇದ್ದೇ ಇರುತ್ತಾರೆ ಅಲ್ವಾ? 15 ಕೆ.ಜಿ. ಬಾಕ್ಸ್ ಎಷ್ಟು ಹೋಯಿತು, ಯಾವ ರೇಟಿಗೆ ಹೋಯಿತು, ಗಾಡಿ ಬಾಡಿಗೆ, ಕೂಲಿ ಕಳೆದು ಕೈಗೆಷ್ಟು ಬಂತು. ಈ ಲೆಕ್ಕವನ್ನು ಮೊಬೈಲ್‌ನಲ್ಲಿ ತೋರಿಸುವ ಒಂದೇ ಒಂದು ಪುಟ ಮಾಡಿ.

ಸುಲಭ ಅನ್ನಿಸುತ್ತದೆ. ಬರೆಯಲು ಕೂತಾಗ ಗೊತ್ತಾಗುತ್ತದೆ. ಬೆಳಗ್ಗೆ 40 ಬಾಕ್ಸ್, ಮಧ್ಯಾಹ್ನ 25 ಬಾಕ್ಸ್ ಎಂದು ತುಂಬಿ ಒಟ್ಟು ಕೇಳಿದರೆ ಪುಟ 4025 ಎನ್ನುತ್ತದೆ! ಇನ್‌ಪುಟ್ ಡಬ್ಬಿಯಿಂದ ಬರುವುದು ಸಂಖ್ಯೆಯಲ್ಲ, ಅಕ್ಷರಗಳ ಸಾಲು. ಕೂಡು ಚಿಹ್ನೆ ಹಾಕಿದರೆ ಜಾವಾಸ್ಕ್ರಿಪ್ಟ್ ಎರಡನ್ನೂ ಅಂಟಿಸಿಬಿಡುತ್ತದೆ. ತಮಾಷೆ ಏನೆಂದರೆ, 40 ಅನ್ನು 300 ರೂಪಾಯಿ ರೇಟಿನಿಂದ ಗುಣಿಸಿದರೆ 12,000 ಎಂದು ಸರಿಯಾಗಿಯೇ ಬರುತ್ತದೆ. ಗುಣಾಕಾರದಲ್ಲಿ ಅದು ತಾನೇ ಸಂಖ್ಯೆ ಮಾಡಿಕೊಳ್ಳುತ್ತದೆ. ಅದಕ್ಕೇ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಡಬ್ಬಿಯಿಂದ ತೆಗೆದ ತಕ್ಷಣ ‘ನಂಬರ್’ ಫಂಕ್ಷನ್‌ಗೆ ಹಾಕಿ. ಆಮೇಲೆ ಖಾಲಿ ಬಿಟ್ಟು ನೋಡಿ: ಶೂನ್ಯ ಬರುತ್ತದೆ. ಸಾದಾ ಟೆಕ್ಸ್ಟ್ ಡಬ್ಬಿಯಲ್ಲಿ ಕನ್ನಡ ಅಂಕಿ ೪೦ ಹಾಕಿ ನೋಡಿ: ‘ಇದು ಸಂಖ್ಯೆಯೇ ಅಲ್ಲ’ ಎನ್ನುತ್ತದೆ. ಏನು ಮಾಡುತ್ತೀರಿ ಎಂದು ನೀವೇ ತೀರ್ಮಾನಿಸಬೇಕು. ಕಲಿಯುವುದು ಆಗಲೇ.

ಬ್ರೌಸರ್‌ನಲ್ಲಿ ಪುಟ ತೆರೆದು ಕೀಬೋರ್ಡ್‌ನಲ್ಲಿ ಎಫ್12 ಒತ್ತಿ, ಕನ್ಸೋಲ್ ಟ್ಯಾಬ್‌ನಲ್ಲಿ ತಪ್ಪು ತಿಳಿಸುವ ಕೆಂಪು ಸಾಲನ್ನು ಪೂರ್ತಿ ಓದಿ. ಅದೇ ಕಿಟಕಿಯ ನೆಟ್‌ವರ್ಕ್ ಟ್ಯಾಬ್‌ನಲ್ಲಿ ವೇಗ ಕಡಿಮೆ ಮಾಡಿ, ಹಳ್ಳಿ ಸಿಗ್ನಲ್‌ನಲ್ಲಿ ಪುಟ ಹೇಗೆ ತೆರೆಯುತ್ತದೆ ನೋಡಿ. ‘ನುಡಿ’ ತಂತ್ರಾಂಶದ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ತಂದು ಹಾಕಬೇಡಿ, ಅಕ್ಷರವೆಲ್ಲ ಗೊಜಲಾಗುತ್ತದೆ. ಎಲ್ಲ ಮೊಬೈಲ್‌ನಲ್ಲೂ ಸರಿಯಾಗಿ ಕಾಣುವ ಯುನಿಕೋಡ್‌ನಲ್ಲೇ ಬರೆಯಿರಿ.

ಎಐ ಕೇಳಿ ಬರೆಸಬಹುದಾ? ಬರೆಸಿ, ತಪ್ಪೇನಿಲ್ಲ. ಆದರೆ ಪ್ರತಿ ಸಾಲೂ ಏನು ಮಾಡುತ್ತದೆ ಎಂದು ಬಾಯಲ್ಲಿ ಹೇಳಲು ಬರದಿದ್ದರೆ ಅಳಿಸಿಬಿಡಿ.

ಪುಟವನ್ನು ಮಾವನ ಕೈಗೆ ಕೊಟ್ಟು ಸುಮ್ನೆ ಪಕ್ಕದಲ್ಲಿ ಕೂತುಕೊಳ್ಳಿ. ಎಲ್ಲಿ ಒತ್ತಬೇಕು ಎಂದು ಹೇಳಿಕೊಡಬೇಡಿ. ಅವರ ಬೆರಳು ಎಲ್ಲಿ ತಡವರಿಸಿತೋ ಅಲ್ಲಿ ತಿದ್ದಿ.

ಹಂತ 3: ಎಲ್ಲರಿಗೂ ಕಾಣುವಂತೆ ಇಡಿ

ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಕಲಿಯಿರಿ. ದಿನದ ಕೆಲಸವನ್ನು ದಿನವೇ ಗಿಟ್‌ಹಬ್‌ಗೆ, ಅಂದರೆ ಕೋಡ್ ಇಡುವ ಜಾಲತಾಣಕ್ಕೆ ಹಾಕಿ. ಎಲ್ಲವನ್ನೂ ಕೊನೆಯಲ್ಲಿ ಒಟ್ಟಿಗೆ ಸುರಿದರೆ ನಕಲು ಹೊಡೆದಂತೆ ಕಾಣುತ್ತದೆ. ಇಂಥ ಸಣ್ಣ ಪುಟವನ್ನು ಇಂಟರ್ನೆಟ್‌ನಲ್ಲಿ ತೆರೆದಿಡಲು ಅದರದೇ ಗಿಟ್‌ಹಬ್ ಪೇಜಸ್ ಸಾಕು, ದುಡ್ಡಿಲ್ಲ. ಪಾಸ್‌ವರ್ಡ್, ಎಪಿಐ ಕೀ (ಬೇರೆ ಸೇವೆ ಬಳಸಲು ಕೊಡುವ ಗುಟ್ಟಿನ ಸಂಕೇತ) ಮಾತ್ರ ಅಲ್ಲಿಗೆ ಹೋಗಕೂಡದು.

ಹಂತ 4: ಅರ್ಜಿ

ರೆಸ್ಯೂಮೆ ಒಂದೇ ಪುಟ, ಮೇಲುಗಡೆ ಪ್ರಾಜೆಕ್ಟ್‌ನ ಲಿಂಕ್. ಸಂದರ್ಶನದಲ್ಲಿ ಆ 4025ರ ಕಥೆ ಹೇಳಿ. ಇಂಗ್ಲಿಷ್ ತಡವರಿಸಿದರೂ ಪರವಾಗಿಲ್ಲ, ತಪ್ಪು ಹೇಗೆ ಹಿಡಿದಿರಿ ಎನ್ನುವುದು ಗೊತ್ತಾಗಬೇಕು. ನಕಲಿ ಅನುಭವ ಪತ್ರ ಮಾಡಿಸಿಕೊಡುವವರು ಸಿಗುತ್ತಾರೆ. ಹತ್ತಿರ ಸೇರಿಸಬೇಡಿ. ಸೇರಿದ ಮೇಲೆ ಸಿಕ್ಕಿಬಿದ್ದರೂ ಕೆಲಸ ಹೋಗುತ್ತದೆ.

ಮೊದಲ ಕೆಲಸವೇ ಮನೆಯಿಂದ ಬೇಕು ಎಂದು ಹಟ ಹಿಡಿಯಬೇಡಿ. ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿದೆ. ಸಂಬಳ ಸ್ವಲ್ಪ ಕಡಿಮೆಯಾದರೂ, ನಿಮ್ಮ ಕೋಡ್ ಓದಿ ತಿದ್ದುವ ಹಿರಿಯರು ಇರುವ ಸಣ್ಣ ಕಂಪನಿಯನ್ನೇ ಆರಿಸಿಕೊಳ್ಳಿ. ಅಂಥವರು ಇದ್ದಾರಾ ಎಂದು ಸಂದರ್ಶನದಲ್ಲೇ ಕೇಳಿ.