ಎಸ್‌ಎಲ್‌ಎಸ್ ಎಷ್ಟು ಸಾಕು? ಹನಿ ಎಣಿಸಿ ತಿಳಿದುಕೊಂಡ ಬಗೆ

ನೀರಿನಲ್ಲಿ ಸುಲಭವಾಗಿ ಕರಗದ ಔಷಧದ ಮಾತ್ರೆಗೆ ಡಿಸಲ್ಯೂಷನ್ ಟೆಸ್ಟ್ (ಮಾತ್ರೆಯಲ್ಲಿನ ಔಷಧ ಎಷ್ಟು ಬೇಗ ಕರಗುತ್ತದೆ ಅನ್ನುವ ಪರೀಕ್ಷೆ) ಮಾಡುವಾಗ, ಮೀಡಿಯಂಗೆ, ಅಂದರೆ ಮಾತ್ರೆ ಕರಗಿಸುವ ದ್ರವಕ್ಕೆ, ಸೋಪಿನಂತೆ ಕೆಲಸ ಮಾಡುವ ಸೋಡಿಯಂ ಲಾರಿಲ್ ಸಲ್ಫೇಟ್ ಅಂದರೆ ಎಸ್‌ಎಲ್‌ಎಸ್ ಸೇರಿಸುವುದು ವಾಡಿಕೆ. ಎಷ್ಟು ಹಾಕಬೇಕು ಅಂತ ಕೇಳಿದರೆ ಸುಮ್ನೆ "1% ಹಾಕಿ" ಅನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಹಾಕಿದರೆ ಒಳ್ಳೆಯ ಮಾತ್ರೆಯೂ ಕೆಟ್ಟ ಮಾತ್ರೆಯೂ ಒಂದೇ ಥರ ಕರಗಬಹುದು. ಆಮೇಲೆ ಆ ಟೆಸ್ಟ್ ಯಾಕೆ ಬೇಕು, ಅಲ್ವಾ?

ಹಾಗಾಗಿ ನಾನು ಮೊದಲು ಸಿಎಂಸಿ (ಕ್ರಿಟಿಕಲ್ ಮೈಸೆಲ್ ಕಾನ್ಸಂಟ್ರೇಷನ್) ಕಂಡುಹಿಡಿಯುತ್ತೇನೆ. ಎಸ್‌ಎಲ್‌ಎಸ್ ಅಣುಗಳು ಮೊದಲು ನೀರಿನ ಮೇಲ್ಮೈಗೆ ಹೋಗಿ ಕೂರುತ್ತವೆ. ಮೇಲೆ ಜಾಗ ತುಂಬಿದ ಮೇಲೆ ಒಳಗೇ ಗುಂಪುಗಟ್ಟಿ ಮೈಸೆಲ್ ಆಗುತ್ತವೆ. ಹಾಗೆ ಗುಂಪುಗಟ್ಟಲು ಶುರುವಾಗುವ ಪ್ರಮಾಣವೇ ಸಿಎಂಸಿ. ಔಷಧವನ್ನು ಒಳಗೆ ಸೇರಿಸಿಕೊಂಡು ಕರಗಿಸುವುದು ಈ ಮೈಸೆಲ್‌ಗಳು.

ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಫಾರ್ಮಸಿ ಕಾಲೇಜಿನ ಲ್ಯಾಬ್‌ನಲ್ಲಿರುವ ಗಾಜಿನ ಸ್ಟಲಗ್ಮೋಮೀಟರ್, ಅಂದರೆ ಹನಿ ಬೀಳಿಸಿ ಎಣಿಸುವ ಕೊಳವೆ, ಸಾಕು. ಎಸ್‌ಎಲ್‌ಎಸ್ ಮೇಲ್ಮೈಯಲ್ಲಿ ಕೂತಷ್ಟೂ ನೀರಿನ ಮೇಲ್ಮೈ ಎಳೆತ (ಸರ್ಫೇಸ್ ಟೆನ್ಷನ್) ಇಳಿಯುತ್ತದೆ. ಮೇಲ್ಮೈ ಎಳೆತ ಕಡಿಮೆಯಾದಷ್ಟೂ ಹನಿ ಚಿಕ್ಕದಾಗುತ್ತದೆ, ಅಷ್ಟೇ ದ್ರವಕ್ಕೆ ಹನಿಗಳ ಸಂಖ್ಯೆ ಹೆಚ್ಚುತ್ತದೆ. 25 ಡಿಗ್ರಿಯಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ 72 ಮಿಲಿನ್ಯೂಟನ್. ನೀರು 50 ಹನಿ, ದ್ರಾವಣ 90 ಹನಿ ಬಿದ್ದರೆ, 72ನ್ನು 50ರಿಂದ ಗುಣಿಸಿ 90ರಿಂದ ಭಾಗಿಸಿ. 40 ಬರುತ್ತದೆ, ಅದೇ ದ್ರಾವಣದ ಮೇಲ್ಮೈ ಎಳೆತ. ಇಷ್ಟು ತೆಳು ದ್ರಾವಣದಲ್ಲಿ ಡೆನ್ಸಿಟಿಯ ವ್ಯತ್ಯಾಸ ಲೆಕ್ಕಕ್ಕಿಲ್ಲ.

ಲೀಟರಿಗೆ 11.5 ಗ್ರಾಂ ಹಾಕಿ 40 ಮಿಲಿಮೋಲಾರ್ ಸ್ಟಾಕ್ (ಆಮೇಲೆ ತೆಳು ಮಾಡಿಕೊಳ್ಳುವ ಗಟ್ಟಿ ದ್ರಾವಣ) ಮಾಡಿಕೊಳ್ಳುತ್ತೇನೆ. ಪುಡಿ ಮೂಗಿಗೆ ಹೋದರೆ ಉರಿ, ಮಾಸ್ಕ್ ಬೇಕೇ ಬೇಕು. ಕುಲುಕುವುದಿಲ್ಲ, ನಿಧಾನವಾಗಿ ಕಲಕುತ್ತೇನೆ. ನೊರೆ ಬಂದರೆ ಗಾತ್ರವೇ ತಪ್ಪುತ್ತದೆ. ಆಮೇಲೆ 2ರಿಂದ 16 ಮಿಲಿಮೋಲಾರ್‌ವರೆಗೆ ತೆಳು ಮಾಡಿ, 8ರ ಆಸುಪಾಸಿನಲ್ಲಿ ಹತ್ತಿರ ಹತ್ತಿರದ ಅಳತೆ ಇಡುತ್ತೇನೆ. ತೆಳುವಿನಿಂದ ಗಟ್ಟಿಯ ಕಡೆಗೆ ಹೋಗಬೇಕು. ಹನಿ ನಿಧಾನವಾಗಿ ಬೀಳಬೇಕು, ಅಣುಗಳು ಹನಿಯ ಮೇಲ್ಮೈ ತಲುಪಲು ಹೊತ್ತು ಬೇಕು. ಕೊಳವೆಯ ತುದಿಗೆ ಬೆರಳು ತಾಗಿಸಬಾರದು, ಒಂದಿಷ್ಟು ಜಿಡ್ಡು ಸಾಕು ಫಲಿತಾಂಶ ಕೆಡಿಸಲು.

ಪ್ರಮಾಣದ ಲಾಗ್‌ಗೆ ಎದುರಾಗಿ ಎಳೆತವನ್ನು ಗ್ರಾಫ್‌ನಲ್ಲಿ ಹಾಕಿದಾಗ ಗೆರೆ ಇಳಿಯುತ್ತಾ ಬಂದು ಒಂದು ಕಡೆ ಚಪ್ಪಟೆಯಾಗುತ್ತದೆ. ಆ ತಿರುವೇ ಸಿಎಂಸಿ: ಶುದ್ಧ ನೀರಿನಲ್ಲಿ ಸುಮಾರು 8 ಮಿಲಿಮೋಲಾರ್, ಅಂದರೆ 0.23%. ಸಾಮಾನ್ಯ ದರ್ಜೆಯ ಪುಡಿ ಬಳಸಿದಾಗ ತಿರುವಿನ ಹತ್ತಿರ ಗೆರೆ ಒಂದು ಗುಂಡಿಗೆ ಇಳಿದು ಮತ್ತೆ ಮೇಲೇಳುವುದನ್ನು ನೋಡಿದ್ದೇನೆ. ಅದು ಎಣಿಕೆಯ ಎಡವಟ್ಟಲ್ಲ. ಪುಡಿಯಲ್ಲಿ ಉಳಿದ ಡೋಡೆಕನಾಲ್ (ಎಸ್‌ಎಲ್‌ಎಸ್ ತಯಾರಿಸುವ ಕಚ್ಚಾವಸ್ತು) ಮೇಲ್ಮೈಗೆ ಹೋಗಿ ಎಳೆತವನ್ನು ಇನ್ನಷ್ಟು ಇಳಿಸುತ್ತದೆ. ಮೈಸೆಲ್ ಹುಟ್ಟಿದ ಮೇಲೆ ಅವು ಅದನ್ನು ಒಳಗೆ ಎಳೆದುಕೊಳ್ಳುತ್ತವೆ, ಗೆರೆ ಏರುತ್ತದೆ. ಬಿಸಿ ಎಥನಾಲ್‌ನಲ್ಲಿ ಕರಗಿಸಿ ಮತ್ತೆ ಹರಳುಗಟ್ಟಿಸಿದರೆ ಗುಂಡಿ ಹೋಗುತ್ತದೆ. ನನಗೆ ಈ ಪ್ರಯೋಗದಲ್ಲಿ ಇದೇ ಅತ್ಯಂತ ಇಷ್ಟ. ಬರೀ ಹನಿ ಎಣಿಸಿ ಪುಡಿಯ ಶುದ್ಧತೆ ಹೇಳಬಹುದಲ್ಲ!

ಆದರೆ ನೀರಿನ ಸಿಎಂಸಿಯನ್ನು ಹಾಗೇ ಬಫರ್‌ಗೆ (ಪಿಎಚ್ ಬದಲಾಗದಂತೆ ಕಾಯುವ, ಉಪ್ಪುಗಳಿರುವ ದ್ರಾವಣಕ್ಕೆ) ಹೊಂದಿಸಬೇಡಿ. ಉಪ್ಪು ಇದ್ದರೆ ಸಿಎಂಸಿ ಬಹಳ ಇಳಿಯುತ್ತದೆ. 0.1 ಮೋಲಾರ್ ಸೋಡಿಯಂ ಕ್ಲೋರೈಡ್‌ನಲ್ಲಿ ಅದು ಸುಮಾರು 1.5 ಮಿಲಿಮೋಲಾರ್. ಆದ್ದರಿಂದ ಟೆಸ್ಟ್‌ಗೆ ಬಳಸುವ ಬಫರ್‌ನಲ್ಲೇ ಮತ್ತೆ ಅಳೆಯುತ್ತೇನೆ. ಫಾಸ್ಫೇಟ್ ಬಫರ್ ಆದರೆ ಪೊಟ್ಯಾಷಿಯಂ ಉಪ್ಪು ಬಿಟ್ಟು ಸೋಡಿಯಂ ಉಪ್ಪನ್ನೇ ತೆಗೆದುಕೊಳ್ಳುತ್ತೇನೆ. ಇಲ್ಲದಿದ್ದರೆ ಎಸ್‌ಎಲ್‌ಎಸ್‌ನ ಸೋಡಿಯಂ ಜಾಗಕ್ಕೆ ಪೊಟ್ಯಾಷಿಯಂ ಬಂದು ಆಗುವ ಪೊಟ್ಯಾಷಿಯಂ ಡೋಡೆಸಿಲ್ ಸಲ್ಫೇಟ್ ಬಿಳಿಯಾಗಿ ತಳಕ್ಕೆ ಇಳಿದು, ಹಾಕಿದ ಎಸ್‌ಎಲ್‌ಎಸ್ ಕೆಲಸಕ್ಕೆ ಸಿಗುವುದಿಲ್ಲ.