ಡ್ರೈ ಫ್ಲೈಗೆ ಹೊಸ ರಾಡ್: ಮೂವತ್ತು ಅಡಿಯಲ್ಲಿ ಎಸೆದು ನೋಡಿ

ಏಪ್ರಿಲ್ ಹತ್ತಿರ ಬಂತು ಅಂದರೆ ನ್ಯೂಜೆರ್ಸಿಯ ಕನ್ನಡದ ಗೆಳೆಯರು ಕೇಳೋದು ಒಂದೇ: ಟ್ರೌಟ್ ಮೀನು ಹಿಡಿಯೋಕೆ ಯಾವ ರಾಡ್ (ಗಾಳದ ಕೋಲು) ತಗೊಳ್ಳಲಿ? ಯಾವ ಹೊಳೆಗೆ ಹೋಗ್ತೀರಿ ಅಂತ ನಾನು ಮೊದಲು ಕೇಳ್ತೀನಿ. ಇಲ್ಲಿ ಹೇಳೋದು ಡ್ರೈ ಫ್ಲೈ, ಅಂದರೆ ನೀರಿನ ಮೇಲೆ ತೇಲುವ ಹುಳುವಿನಂಥ ಕೊಕ್ಕೆ, ಎಸೆಯುವ ರಾಡಿನ ಬಗ್ಗೆ.

ನಾನು ಹೋಗುವುದು ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆ. ಬೀವರ್‌ಕಿಲ್‌ಗೆ, ಡೆಲವೇರ್ ನದಿಯ ವೆಸ್ಟ್ ಬ್ರಾಂಚ್‌ಗೆ 9 ಅಡಿಯ ರಾಡ್, 4ನೇ ನಂಬರ್ ಲೈನ್ (ರಾಡಿನಿಂದ ಎಸೆಯುವ ದಪ್ಪ ದಾರ; ನಂಬರ್ ಹೆಚ್ಚಿದಷ್ಟೂ ತೂಕ ಹೆಚ್ಚು) ಸಾಕು. ಗಾಳಿ ಜಾಸ್ತಿ ಇರೋ ಕಡೆ 5. ಅಗಲವಾದ ನೀರಿನಲ್ಲಿ ಉದ್ದ ರಾಡ್ ಇದ್ದರೆ ಲೈನನ್ನು ನಡುವಿನ ಸೆಳೆತದಿಂದ ಎತ್ತಿ ಹಿಡಿಯಬಹುದು, ಹುಳು ಎಳೆದಾಡದೆ ತೇಲುತ್ತದೆ. ಮರದ ಕೊಂಬೆ ಬಾಗಿರುವ ಸಣ್ಣ ತೊರೆಗೆ ಏಳೂವರೆ ಅಡಿ, 3ನೇ ನಂಬರ್.

ಉದ್ದ, ನಂಬರ್ ಸುಲಭದ ವಿಷಯ. ರಾಡ್ ಎಷ್ಟು ಬಾಗುತ್ತದೆ ಅನ್ನೋದೇ ಮುಖ್ಯ.

ಅಂಗಡಿಯಲ್ಲಿ ಎಲ್ಲರೂ ರಾಡನ್ನು ಸುಮ್ನೆ ಗಾಳಿಯಲ್ಲಿ ಅಲ್ಲಾಡಿಸಿ ನೋಡ್ತಾರೆ. ಇಲ್ಲವೇ ಹೊರಗೆ ಹೋಗಿ 70 ಅಡಿ ದೂರ ಎಸೀತಾರೆ. ಬಿರುಸಾದ ರಾಡ್ ಅಲ್ಲಿ ಗೆಲ್ಲುತ್ತದೆ. ಆದರೆ ಮೀನು ಮೇಲೆ ಬರೋದು ಬಹಳ ಸಲ 30 ಅಡಿ ದೂರದಲ್ಲಿ. ಲೆಕ್ಕ ಹಾಕಿ ನೋಡಿ. ಲೈನಿನ ನಂಬರ್ ನಿಗದಿ ಮಾಡುವುದು ಅದರ ಮೊದಲ 30 ಅಡಿಯ ತೂಕದ ಮೇಲೆ. 4ನೇ ನಂಬರ್‌ಗೆ ಅದು 120 ಗ್ರೇನ್, ಅಂದರೆ ಹತ್ತಿರ ಹತ್ತಿರ 8 ಗ್ರಾಂ. ಮೀನು 30 ಅಡಿಯಲ್ಲಿದ್ದರೆ ಅದರಲ್ಲಿ ರಾಡ್ 9 ಅಡಿ, ಲೀಡರ್ (ಲೈನಿನ ತುದಿಗೆ ಕಟ್ಟುವ ತೆಳು ದಾರ) ಇನ್ನೊಂದು 9 ಅಡಿ ತಿಂದುಹಾಕುತ್ತವೆ. ರಾಡ್ ತುದಿಯಿಂದ ಆಚೆ ಲೈನ್ ಉಳಿಯೋದು 12–15 ಅಡಿ. ತೂಕ ಅರ್ಧಕ್ಕಿಂತ ಜಾಸ್ತಿ ಇಲ್ಲ. ಅಷ್ಟಕ್ಕೇ ಬಾಗುವ ರಾಡ್ ಬೇಕು, ಅಲ್ವಾ?

ಅದಕ್ಕೇ ಲೀಡರ್ ತುದಿಗೆ ಉಣ್ಣೆಯ ಎಳೆ ಕಟ್ಟಿ, ಹುಲ್ಲಿನ ಮೇಲೆ 30 ಅಡಿಗೆ ಟೋಪಿ ಇಟ್ಟು ಎಸೆಯಿರಿ. ತೋಳಿನ ಬಲ ಹಾಕದೆ ಲೈನ್ ಬಿಚ್ಚಿಕೊಂಡು ಎಳೆ ಮೆಲ್ಲಗೆ ಇಳಿಯಬೇಕು. ನಿಮ್ಮದೇ ಲೈನ್ ತಗೊಂಡು ಹೋಗಿ. ಈಗ ಮಾರುವ ಎಷ್ಟೋ ಲೈನ್‌ಗಳು ಹೆಸರಿಗೆ 4, ತೂಕದಲ್ಲಿ ನಾಲ್ಕೂವರೆ, ಕೆಲವು 5. ಗ್ರೇನ್ ಲೆಕ್ಕ ಡಬ್ಬದ ಮೇಲಿದ್ದರೆ ಓದಿ.

ಮೆದು ತುದಿಗೆ ಇನ್ನೊಂದು ಕಾರಣ ಟಿಪ್ಪೆಟ್, ಅಂದರೆ ಲೀಡರಿನ ಕೊನೆಯಲ್ಲಿ ಹುಳು ಕಟ್ಟುವ ತೀರಾ ತೆಳ್ಳನೆ ಭಾಗ. 6ಎಕ್ಸ್ ಅನ್ನೋ ಅಳತೆಯ ಟಿಪ್ಪೆಟ್ ದಪ್ಪ 0.005 ಇಂಚು, ಕೂದಲೆಳೆ ಇದ್ದಹಾಗೆ. ಮೀನು ಬಾಯಿ ಹಾಕಿದಾಗ ಕೈ ತಾನಾಗಿ ಜೋರಾಗಿ ಏಳುತ್ತದೆ. ಆ ಎಳೆತವನ್ನು ರಾಡಿನ ತುದಿ ತಾಳಿಕೊಳ್ಳದಿದ್ದರೆ ದಾರ ಕಿತ್ತು, ಮೀನಿನ ಬಾಯಲ್ಲಿ ಕೊಕ್ಕೆ ಉಳಿದುಬಿಡುತ್ತದೆ. ನನಗೆ ಅದು ಬಹಳ ನೋವಿನ ವಿಷಯ. ಹಾಗಾಗಿ ಮೀಡಿಯಂ ಅಥವಾ ಮೀಡಿಯಂ ಫಾಸ್ಟ್, ಅಂದರೆ ತೀರಾ ಬಿರುಸಲ್ಲದ ರಾಡನ್ನೇ ಹೇಳ್ತೀನಿ.

ಲೈನ್ ಸುತ್ತಿಡುವ ರೀಲ್‌ಗೆ ಜಾಸ್ತಿ ದುಡ್ಡು ಸುರಿಯಬೇಡಿ, ಅದನ್ನು ಒಳ್ಳೆಯ ಲೈನ್‌ಗೆ ಹಾಕಿ. ಕೊಳ್ಳುವ ಮುಂಚೆ ರಾಡಿನ ನಾಲ್ಕೂ ತುಂಡು ಜೋಡಿಸಿ, ಲೈನ್ ಹಾಯುವ ಉಂಗುರಗಳು ಒಂದೇ ಸಾಲಿಗೆ ಬರುತ್ತವಾ, ಕೀಲು ಅಲ್ಲಾಡುತ್ತಾ ಅಂತ ನೋಡಿ. ಒಂದು ತುಂಡು ಮುರಿದರೆ ಬದಲಿ ಕೊಡ್ತಾರಾ, ಅದಕ್ಕೆ ಎಷ್ಟು ತಗೋತಾರೆ ಅಂತಲೂ ಅಲ್ಲೇ ಕೇಳಿಕೊಳ್ಳಿ.