ಕಾಲಂ ಅಗಲದ ಲೆಕ್ಕವನ್ನು ಬ್ರೌಸರ್‌ಗೇ ಬಿಟ್ಟದ್ದು

ನಾನು ನೋಡಿಕೊಳ್ಳುವ ವೆಬ್ ಕಾಂಪೊನೆಂಟ್ ಲೈಬ್ರರಿಯಲ್ಲಿ (ಪುಟಗಳಲ್ಲಿ ಮತ್ತೆ ಮತ್ತೆ ಬಳಸುವ ಸಿದ್ಧ ಭಾಗಗಳ ಸಂಗ್ರಹದಲ್ಲಿ) ಹೆಡರ್‌ಗೊಂದು ಟೇಬಲ್, ಉಳಿದ ಸಾಲುಗಳಿಗೆ ಮತ್ತೊಂದು ಟೇಬಲ್ ಇದ್ದವು. ಸ್ಕ್ರೋಲ್ ಮಾಡಿದಾಗ ಹೆಡರ್ ಕದಲದಿರಲೆಂದು ಹಿಂದೆ ಮಾಡಿದ್ದ ಏರ್ಪಾಡು ಅದು. ಎರಡರ ಕಾಲಂಗಳನ್ನು ಹೊಂದಿಸಲು ಜಾವಾಸ್ಕ್ರಿಪ್ಟ್ ಸೆಲ್‌ಗಳನ್ನು ಅಳೆಯುತ್ತಿತ್ತು. ಫಾಂಟ್ ತಡವಾಗಿ ಲೋಡ್ ಆದರೆ, ಅಥವಾ ಸ್ಕ್ರೋಲ್‌ಬಾರ್ ಮೂಡಿ ಕೆಳಗಿನ ಟೇಬಲ್ ಮಾತ್ರ ಕಿರಿದಾದರೆ, ಕಾಲಂಗಳ ಗೆರೆಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಅಳತೆಯನ್ನು ಚುರುಕುಗೊಳಿಸುವುದಕ್ಕಿಂತ ಅದನ್ನು ತೆಗೆದುಹಾಕುವುದೇ ಮೇಲೆಂದು ನನಗೆ ತೋರಿತು.

ಎರಡನ್ನೂ ಒಂದೇ ಟೇಬಲ್ ಮಾಡಿ, ಹೆಡರ್ ಸೆಲ್‌ಗಳಿಗೆ ‘ಪೊಸಿಷನ್: ಸ್ಟಿಕಿ’ ಕೊಟ್ಟೆ; ಸ್ಕ್ರೋಲ್ ಮಾಡಿದರೂ ಅವುಗಳನ್ನು ಅಂಟಿಸಿ ನಿಲ್ಲಿಸುವ ಸಿಎಸ್‌ಎಸ್ (ಪುಟದ ರೂಪ ಹೇಳುವ ಭಾಷೆ) ನಿಯಮ ಅದು. ಅಕ್ಕಪಕ್ಕದ ಸೆಲ್‌ಗಳ ಗೆರೆಗಳು ಒಂದಾಗಬೇಕೇ ಎಂದು ಹೇಳುವ ‘ಬಾರ್ಡರ್-ಕೊಲ್ಯಾಪ್ಸ್’ನ ಮೌಲ್ಯ ‘ಕೊಲ್ಯಾಪ್ಸ್’ ಆಗಿದ್ದರೆ ಹೆಡರ್ ನಿಂತರೂ ಅದರ ಗೆರೆ ಸಾಲುಗಳೊಡನೆ ಜಾರಿಹೋಗುತ್ತದೆ. ಆದ್ದರಿಂದ ಅದನ್ನು ‘ಸೆಪರೇಟ್’ ಮಾಡಿ, ಸೆಲ್‌ಗಳ ನಡುವಿನ ಅಂತರವಾದ ‘ಬಾರ್ಡರ್-ಸ್ಪೇಸಿಂಗ್’ ಅನ್ನು 0 ಮಾಡಿ, ಗೆರೆಯನ್ನು ಪ್ರತಿ ಸೆಲ್‌ನ ಕೆಳ ಅಂಚಿಗೆ ಹಾಕಿದೆ. ಅಡ್ಡ ಸ್ಕ್ರೋಲ್‌ಗಾಗಿ ಸುತ್ತ ಇಟ್ಟ ಡಿವ್‌ಗೆ (ಪೆಟ್ಟಿಗೆಯಂಥ ಎಲಿಮೆಂಟ್‌ಗೆ) ಮಿಕ್ಕದ್ದನ್ನು ಸ್ಕ್ರೋಲ್ ಮಾಡಿಸುವ ‘ಓವರ್‌ಫ್ಲೋ’ ಕೊಟ್ಟೊಡನೆ ಹೆಡರ್ ಪುಟಕ್ಕಲ್ಲ, ಆ ಡಿವ್‌ಗೆ ಅಂಟಿಕೊಳ್ಳುತ್ತದೆ. ಹೀಗಾಗಿ ಡಿವ್‌ಗೆ ಎತ್ತರದ ಮಿತಿಯನ್ನೂ ಗೊತ್ತುಪಡಿಸಬೇಕಾಯಿತು.

ನಿಜವಾದ ತೊಡಕು ಅಗಲದ್ದು. ‘ಟೇಬಲ್-ಲೇಔಟ್: ಆಟೋ’ ಇರುವಾಗ ಬ್ರೌಸರ್ ಎಲ್ಲ ಸಾಲುಗಳ ಒಳಪಠ್ಯವನ್ನು ನೋಡಿ ಅಗಲವನ್ನು ನಿರ್ಧರಿಸುವುದರಿಂದ, ನಾವು ಬರೆದ ಅಗಲವು ಆಜ್ಞೆಯಾಗದೆ ಕೋರಿಕೆಯಾಗಿಯೇ ಉಳಿಯುತ್ತದೆ, ಎಲ್ಲೋ ಒಂದು ಸಾಲಿನಲ್ಲಿ ಉದ್ದನೆಯ ಯುಆರ್‌ಎಲ್ ಬಂದರೆ ಅದರ ಕಾಲಂ ಹಿಗ್ಗಿ ಮಿಕ್ಕವು ಕುಗ್ಗುತ್ತವೆ. ‘ಫಿಕ್ಸ್ಡ್’ ಇಟ್ಟರೆ ಕಾಲಂಗಳನ್ನು ಸೂಚಿಸುವ ‘ಕಾಲ್’ ಎಲಿಮೆಂಟ್‌ಗಳ ಅಗಲವನ್ನು, ಅದಿಲ್ಲದಲ್ಲಿ ಮೊದಲ ಸಾಲಿನ ಅಗಲವನ್ನು ಮಾತ್ರ ಪರಿಗಣಿಸಲಾಗುತ್ತದೆ. ಆದರೆ ಟೇಬಲ್‌ನ ಅಗಲವೇ ‘ಆಟೋ’ ಆಗಿದ್ದರೆ ಈ ನಿಯಮ ಸುಮ್ಮನೆ ಕೈಬಿಟ್ಟುಹೋಗುತ್ತದೆ, ಕನ್ಸೋಲ್‌ನಲ್ಲಿ ಒಂದು ಎಚ್ಚರಿಕೆಯೂ ಕಾಣುವುದಿಲ್ಲ. ಹಾಗಾಗಿ ಟೇಬಲ್‌ನ ಅಗಲ ‘100%’ ಎಂದು ಸ್ಪಷ್ಟವಾಗಿ ಬರೆದೆ. ಸೆಲ್ ಮೀರಿ ಹರಿಯುವ ಪದಗಳನ್ನು ‘ಓವರ್‌ಫ್ಲೋ-ರ‍್ಯಾಪ್: ಎನಿವೇರ್’ ತಡೆಯಿತು. ‘ಬ್ರೇಕ್-ವರ್ಡ್’ ಅನ್ನು ಬಿಟ್ಟು ಇದನ್ನು ಆರಿಸಿದ್ದೇಕೆಂದರೆ, ಕನಿಷ್ಠ ಅಗಲದ ಲೆಕ್ಕದಲ್ಲಿಯೂ ಪದ ಒಡೆಯುವುದನ್ನು ಗಣಿಸುವುದು ‘ಎನಿವೇರ್’ ಮಾತ್ರ. ‘ಆಟೋ’ ಲೇಔಟ್‌ನಲ್ಲಿ ಕಾಲಂ ಕುಗ್ಗಬೇಕಾದರೆ ಅದು ಬೇಕು.

ಇಷ್ಟಾದರೂ ಫ್ಲೆಕ್ಸ್ ಲೇಔಟ್‌ನೊಳಗೆ (ಎಲಿಮೆಂಟ್‌ಗಳನ್ನು ಸಾಲಾಗಿ ಜೋಡಿಸಿ ಜಾಗ ಹಂಚುವ ವಿಧಾನ) ಟೇಬಲ್ ಪುಟವನ್ನೇ ಅಗಲಗೊಳಿಸುತ್ತಿತ್ತು. ನಮ್ಮ ಕಾಂಪೊನೆಂಟ್ ಒಂದು ಕಸ್ಟಮ್ ಎಲಿಮೆಂಟ್, ಎಂದರೆ ನಾವೇ ಹೆಸರಿಟ್ಟ ಎಲಿಮೆಂಟ್; ಅದು ಮೂಲತಃ ‘ಇನ್‌ಲೈನ್’, ಸಾಲಿನೊಳಗಿನ ಪದದಂತೆ ಕೂರುವಂಥದ್ದು. ಫ್ಲೆಕ್ಸ್‌ನ ಮಗುವಾದರೆ (ನೇರ ಒಳಗಿನ ಎಲಿಮೆಂಟ್ ಆದರೆ) ‘ಮಿನ್-ವಿಡ್ತ್: ಆಟೋ’ ಕಾರಣದಿಂದ ಒಳಪಠ್ಯದ ಕನಿಷ್ಠ ಅಗಲಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ. ಹೋಸ್ಟ್‌ಗೆ, ಎಂದರೆ ಆ ಕಸ್ಟಮ್ ಎಲಿಮೆಂಟ್‌ಗೇ, ‘ಡಿಸ್‌ಪ್ಲೇ: ಬ್ಲಾಕ್’, ‘ಮಿನ್-ವಿಡ್ತ್: 0’ ಎಂಬ ಎರಡು ಸಾಲು ಸೇರಿಸಿದ ಮೇಲೆ ಸ್ಕ್ರೋಲ್‌ಬಾರ್ ಪುಟದ ಬುಡದಿಂದ ಡಿವ್‌ನೊಳಕ್ಕೆ ಬಂತು.

‘ಆಟೋ’ವನ್ನು ಪೂರ್ತಿ ಕೈಬಿಡಲಿಲ್ಲ. ಸಾಲುಗಳು ಕಡಿಮೆಯಿದ್ದು ಮತ್ತೆ ಬದಲಾಗದ ಟೇಬಲ್‌ಗಳಿಗೆ ಅದೇ ಚೆಂದ ಕಾಣುವುದರಿಂದ, ಅದನ್ನು ಆರಿಸಲು ಒಂದು ಆಟ್ರಿಬ್ಯೂಟ್ (ಟ್ಯಾಗ್‌ನಲ್ಲಿ ಬರೆಯುವ ಆಯ್ಕೆ) ಉಳಿಸಿದ್ದೇನೆ.